ದೊಡ್ಡ ಮೋಟಾರು, ಸಣ್ಣ ಕೋಡಿ

ಮುನಿರಾಜುವಿಗೆ ಸಣ್ಣ ಮೋಟಾರು ಎಂದರೆ ಒಂದು ಬಗೆಯ ಅವಮಾನ. ಬೇತಮಂಗಲದ ಆಚೆಯ ಅವನ ಹಳ್ಳಿಯಲ್ಲಿ ಹೆಣ್ಣು ನೋಡಲು ಹೋದಾಗಲೂ ಬೋರ್‌ವೆಲ್ ಮೋಟಾರಿನ ಎಚ್‌ಪಿ ಹೇಳಿಕೊಳ್ಳುವ ಗಂಡಸರಿದ್ದಾರೆ. ಹಾಗಾಗಿ ರಾಬರ್ಟ್‌ಸನ್‌ಪೇಟೆಯ ಮೀನಿನಂಗಡಿಯ ಸುಧಾಕರ್, ಗಾಜಿನ ತೊಟ್ಟಿಯ ಜೊತೆಗೆ ಅಂಗೈಯಷ್ಟು ಮೋಟಾರು ಇಟ್ಟಾಗ ಅವನಿಗೆ ನಗು ಬಂತು.

"ಇದೂ ಒಂದು ಮೋಟಾರಾ? ಆ ದೊಡ್ಡದು ಕೊಡಪ್ಪ."

"ಅದು ಬೇಡ ಅಣ್ಣಾ. ಈ ತೊಟ್ಟಿಗೆ ಇದೇ ಪೋದುಂ, ಸಾಕು," ಎಂದ ಸುಧಾಕರ್, ಅರ್ಧ ತಮಿಳಿನಲ್ಲಿ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ದುಡ್ಡಿಗೆ ಮಾತ್ರ ಎಂದು ಮುನಿರಾಜು ತಿಳಿದಿದ್ದ. ದೊಡ್ಡದನ್ನೇ ತಂದ.

ತೊಟ್ಟಿ ತಂದದ್ದು ಶೋಕಿಗಲ್ಲ, ತಾಯಿಗಾಗಿ. ಹಸು ಕಟ್ಟಿ, ಡೇರಿಗೆ ಹಾಲು ಹಾಕಿ, ಬೀದಿಯ ಜಗಳಗಳನ್ನೆಲ್ಲ ಬಾಯಲ್ಲೇ ಬಗೆಹರಿಸುತ್ತಿದ್ದ ಮುನಿರತ್ನಮ್ಮನಿಗೆ ಯುಗಾದಿಯ ಹೊತ್ತಿಗೆ ಲಕ್ವ ಹೊಡೆದಿತ್ತು. ಕೈಕಾಲು ಸುಮಾರಾಗಿ ಸುಧಾರಿಸಿದವು, ಮಾತು ಮಾತ್ರ ಮರಳಲಿಲ್ಲ. ಬಂದರೂ ಬರಬಹುದು, ಮಾತಾಡಿಸುತ್ತಾ ಇರಿ ಎಂದಿದ್ದರು ಡಾಕ್ಟರು. ಮಾತಾಡಿಸುವುದೆಂದರೆ ಮುನಿರಾಜುವಿನ ಲೆಕ್ಕದಲ್ಲಿ ಪ್ರಶ್ನೆ ಕೇಳುವುದು. ಊಟ ಸೇರ್ತಾ, ಕಾಲು ನೋಯ್ತದಾ, ನಾನ್ಯಾರು ಏಳು, ಇದೇನು ಏಳು! ಮುದುಕಿ ತುಟಿ ಅಲುಗಿಸುವಷ್ಟರಲ್ಲಿ ಮುಂದಿನ ಪ್ರಶ್ನೆ ಬಂದಿರುತ್ತಿತ್ತು. ಕಡೆಗೆ ಅವಳು ಗೋಡೆಯ ಕಡೆ ಹೊರಳಿಬಿಡುತ್ತಿದ್ದಳು. ಮೀನುಗಳಾದರೂ ಮಾತಾಡಿಸಲಿ ಎಂದು ತೊಟ್ಟಿ ಬಂತು.

ಏರ್ಪಾಡು ಸರಳ: ಮೇಲೆ ಮೀನಿನ ತೊಟ್ಟಿ, ಅದರಡಿಗೆ ಇನ್ನೊಂದು ತೊಟ್ಟಿ. ಮೇಲಿನ ತೊಟ್ಟಿಯ ಅಂಚಿನ ಬಳಿ ಒಂದು ತೂತು. ಹೆಚ್ಚಾದ ನೀರು ಅಲ್ಲಿಂದ ಪೈಪಿನಲ್ಲಿ ಕೆಳಗಿನ ತೊಟ್ಟಿಗೆ ಇಳಿದು, ಸೋಸಿಕೊಂಡು, ಮೋಟಾರಿನಿಂದ ಮತ್ತೆ ಮೇಲಕ್ಕೆ ಬರಬೇಕು. ಕೆರೆ, ಕೋಡಿ, ಕೆಳಗಿನ ಕೆರೆ; ಕೋಲಾರದವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಆದರೆ ಮೋಟಾರು ಎತ್ತಿದಷ್ಟು ನೀರನ್ನು ಆ ಪೈಪು ಇಳಿಸಲಾರದೆ ಹೋಯಿತು. ಮೊದಲ ದಿನವೇ ನೀರು ಅಂಚು ಮೀರಿ ತಾಯಿಯ ಮಂಚದ ಕೆಳಗೆ ಹರಿಯಿತು.

ಮುನಿರಾಜು ತನ್ನೂರಿನವರು ಮಾಡುವುದನ್ನೇ ಮಾಡಿದ. ಕೆರೆ ತುಂಬಿದಾಗ ಇನ್ನಷ್ಟು ನೀರು ನಿಲ್ಲಲಿ ಎಂದು ಕೋಡಿಗೆ ಮರಳಿನ ಚೀಲ ಒಡ್ಡುತ್ತಾರಲ್ಲ, ಹಾಗೆ ತೊಟ್ಟಿಯ ಅಂಚಿಗೆ ಸುತ್ತಲೂ ರಬ್ಬರು ಪಟ್ಟಿ ಅಂಟಿಸಿ ಎತ್ತರಿಸಿದ. ನೀರು ಅದನ್ನೂ ಏರಿ ಬಂತು. ಜೊತೆಗೆ ಒಂದು ಮೀನೂ ಬಂದು ನೆಲಕ್ಕೆ ಬಿತ್ತು. ಹೆಂಡತಿ ಶಶಿರೇಖ ಚೊಂಬಿನಲ್ಲಿ ಹಿಡಿದು ಉಳಿಸಿದಳು.

"ಇನ್ನೊಂದ್ ಸಲ ಚೆಲ್ಲಿದ್ರೆ ಈ ತೊಟ್ಟಿ ಕೊಟ್ಟಿಗೆಗೆ ಓಗ್ತದೆ," ಎಂದಳು. "ಅತ್ತೆ ಜಾರಿ ಬಿದ್ರೆ ಯಾರ್ಗೆ ಏಳ್ತೀರಾ?"

ಮಾತು ನ್ಯಾಯವಾಗಿತ್ತು. ಮಾರನೆಯ ದಿನ ಡೇರಿಗೆ ಹೋಗಿಬಂದವನು ಹಾಲಿನ ಕ್ಯಾನು ಹಿಡಿದು ಕೂತ. ಮೊದಲು ಮೋಟಾರಿನ ಪೈಪನ್ನು ಕ್ಯಾನಿಗೆ ಬಿಟ್ಟು, ತುಂಬುವ ತನಕ ಎಣಿಸಿದ. ಆಮೇಲೆ ತೊಟ್ಟಿಯನ್ನು ಅಂಚಿನವರೆಗೆ ತುಂಬಿಸಿ, ಇಳಿಯುವ ಪೈಪಿಗೆ ಕ್ಯಾನು ಹಿಡಿದ. ಅಷ್ಟೇ ಎಣಿಕೆಗೆ ಅರ್ಧ ಕ್ಯಾನೂ ತುಂಬಲಿಲ್ಲ.

ಮೋಟಾರಿನ ಪೈಪಿಗೆ ವಾಲ್ವು ಹಾಕಿ, ಮನಸ್ಸಿಲ್ಲದ ಮನಸ್ಸಿನಿಂದ ತಿರುಗಿಸುತ್ತಾ ಬಂದ. ಎರಡೂ ಸಮವಾದ ಮೇಲೂ ನಿಲ್ಲಿಸಲಿಲ್ಲ. ನಾಳೆ ಪಾಚಿ ಸಿಕ್ಕಿಕೊಂಡರೆ ಪೈಪಿಗೂ ಸ್ವಲ್ಪ ಬಿಡುವು ಬೇಕಲ್ಲ ಎಂದು ಇನ್ನೊಂದಿಷ್ಟು ಬಿಗಿ ಮಾಡಿದ. ನೀರು ಅಂಚಿಗಿಂತ ಎರಡು ಬೆರಳು ಕೆಳಗೆ ತೆಪ್ಪಗೆ ನಿಂತಿತು. ಭೋರೆನ್ನುತ್ತಿದ್ದ ಸದ್ದೂ ತಗ್ಗಿತು.

ಮುನಿರತ್ನಮ್ಮ ಗೋಡೆಯಿಂದ ಈಚೆಗೆ ಹೊರಳಿದಳು.

"ಅಮ್ಮಾ, ಚೆನ್ನಾಗದಾ? ಮೀನು ಕಾಣ್ತದಾ? ಆ ಕೆಂಪಂದು..." ಎಂದು ಶುರು ಮಾಡಿದವನು ಅವಳ ತುಟಿ ನೋಡಿದ. ಅದಿನ್ನೂ ಮೊದಲ ಪ್ರಶ್ನೆಯ ಜೊತೆಗೇ ಒದ್ದಾಡುತ್ತಿತ್ತು. ಇಷ್ಟು ತಿಂಗಳು ತಾನು ಸುರಿದ ಪ್ರಶ್ನೆಗಳೆಲ್ಲ ಎಲ್ಲಿ ಚೆಲ್ಲಿಹೋಗಿವೆ ಎಂದು ಆಗ ಗೊತ್ತಾಯಿತು.

ಶಶಿರೇಖ ಗಂಜಿ ತಂದಿಟ್ಟಳು. ಅವನು ತಾಯಿಯನ್ನು ಎಬ್ಬಿಸಿ ಕೂರಿಸಿ, ಒಂದು ಚಮಚ ಕುಡಿಸಿ, "ಏನು ಬೇಕಮ್ಮಾ?" ಎಂದು ಒಂದೇ ಒಂದು ಮಾತು ಕೇಳಿ ಸುಮ್ಮನಾದ. ಕೊಟ್ಟಿಗೆಯಲ್ಲಿ ಹಸು ಕೂಗಿತು, ಅವನು ಕದಲಲಿಲ್ಲ. ಹೆಂಡತಿ ಏನೋ ಹೇಳಲು ಬಂದಾಗ ಕೈಸನ್ನೆಯಲ್ಲೇ ತಡೆದ.

"ಉ..." ಎಂದಳು ಮುನಿರತ್ನಮ್ಮ. ಬಹಳ ಹೊತ್ತಿನ ಮೇಲೆ, "ಉಪ್ಪು." ಮತ್ತೆ ಉಸಿರೆಳೆದುಕೊಂಡು, "ಉಪ್ಪೇ ಆಕಲ್ಲ... ಕಣ್ಲಾ."

ಡಾಕ್ಟರು ನಿಲ್ಲಿಸಿದ್ದ ಉಪ್ಪು. ಯುಗಾದಿಯಿಂದ ಅವಳು ಇದೊಂದನ್ನು ಹೇಳಲು ಹೊರಟಿದ್ದಳು, ಮಗ ಬಿಟ್ಟಿರಲಿಲ್ಲ. ಮುನಿರಾಜು ನಗಲು ಹೋದವನು ತಾಯಿಯ ಮಡಿಲಲ್ಲಿ ಮುಖವಿಟ್ಟು ಅತ್ತುಬಿಟ್ಟ.