ದಯಾಳು ಗಂಟು

ನಿವೃತ್ತನಾದ ಮೇಲೆ ನನಗೊಂದು ಚಟ ಹತ್ತಿತು: ಇಂಗ್ಲಿಷಿನ ಕಠಿಣ ಶಬ್ದಗಳನ್ನು ಕಲಿಯುವುದು. ಬನಹಟ್ಟಿಯಲ್ಲಿ ಜೀವಮಾನವೆಲ್ಲ ಕನ್ನಡ ಕಲಿಸಿದವನು ಇಂಗ್ಲಿಷಿನೆದುರು ತಲೆ ತಗ್ಗಿಸಿಯೇ ಬದುಕಿದ್ದೆ, ಸೇಡು ತೀರಿಸಿಕೊಳ್ಳಬೇಕಿತ್ತು. ದಪ್ಪ ಪುಸ್ತಕವೊಂದನ್ನು ತಂದು ದಿನಕ್ಕೆ ಹತ್ತರಂತೆ ಬಾಯಿಪಾಠ ಮಾಡತೊಡಗಿದೆ. ಆದರೆ ಬಳಸುವುದೆಲ್ಲಿ? ಒಮ್ಮೆ ಕಿರಾಣಿ ಅಂಗಡಿಯಲ್ಲಿ ‘ಉದಾರಿ’ ಎನ್ನುವ ಬದಲು ಬಾಯಿ ತಪ್ಪಿ ‘ಮ್ಯಾಗ್ನಾನಿಮಸ್’ ಎಂದೆ. ಅಂಗಡಿಯವ, “ಅದು ಖಾಲಿ ಆಗೇತ್ರಿ ಸರ, ಸೋಮವಾರ ಬರ್ತೈತಿ” ಎಂದ.

ಪಕ್ಕದ ಮನೆಯ ಮಹಾದೇವಿ ಸೀರೆ ನೇಯುತ್ತಾಳೆ. ಏಳನೆಯ ಇಯತ್ತೆಗೆ ಸಾಲೆ ಬಿಟ್ಟವಳು. ಮಗ್ಗದ ಮಗ್ಗುಲ ಗೋಡೆಯ ಮೇಲೆ ಆಗಾಗ ತನಗೆ ಎದುರಾದ ಒಂದೊಂದು ಇಂಗ್ಲಿಷ್ ಶಬ್ದ ಬರೆದಿಡುತ್ತಾಳೆ: ವೋಲ್ಟೇಜ್, ಡ್ಯಾಮೇಜ್, ವಾರಂಟಿ. ನನ್ನ ಪುಸ್ತಕದಿಂದ ನಾಲ್ಕು ಕಲಿಸಲೇನು ಎಂದು ದೊಡ್ಡಸ್ತಿಕೆಯಿಂದ ಕೇಳಿದ್ದೆ. “ನಿಮ್ಮ ಶಬ್ದ ಭಾಳ ಛಲೋ ಅದಾವ್ರಿ ಸರ. ಆದ್ರ ಅವು ನಮ್ಮ ಮನಿಗಿ ಬರಂಗಿಲ್ಲ” ಎಂದು ನಕ್ಕಿದ್ದಳು.

ಅಷ್ಟರಲ್ಲಿ ನನ್ನ ಕುತ್ತಿಗೆಯಲ್ಲೊಂದು ಗಂಟು ಕಾಣಿಸಿತು. ಜಮಖಂಡಿಯ ಡಾಕ್ಟರು ಅದರ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ವರದಿ ತರಲು ಹೋದ ದಿನ ಅವರು ಊರಲ್ಲಿರಲಿಲ್ಲ. ಕಾಗದ ಇಸಿದುಕೊಂಡು ಬಸ್ಸಿನಲ್ಲೇ ಬಿಚ್ಚಿದೆ. ಕೊನೆಯ ಸಾಲಿನಲ್ಲಿ ‘ಬಿನೈನ್’ ಎಂದಿತ್ತು. ಅರೆ, ಕಲಿತ ಶಬ್ದವೇ! ಪುಸ್ತಕದ ಪ್ರಕಾರ ಅರ್ಥ: ದಯಾಳು, ಸೌಮ್ಯ. ಗಂಟು ಹೇಗೆ ದಯಾಳುವಾದೀತು? ಸಾಯುವವರಿಗೆ ಹೀಗೇ ನಯವಾಗಿ ಬರೆಯುತ್ತಾರೇನೋ ಎನಿಸಿ ಕಾಗದವನ್ನು ಜೇಬಿಗೆ ತುರುಕಿದೆ.

ಬಸ್ಸಿಳಿದಾಗ ಮನೆಗೆ ಹೋಗಲು ಕಾಲು ಬರಲಿಲ್ಲ. ಹೆಂಡತಿ ನನ್ನ ಮುಖ ಓದಿಬಿಡುತ್ತಾಳೆ. ಮಹಾದೇವಿಯ ಬಾಗಿಲಲ್ಲಿ ನಿಂತೆ. ನನ್ನನ್ನು ನೋಡಿ ಅವಳು ಮಗ್ಗ ಬಂದ್ ಮಾಡಿದಳು. ನಾನು ಕೊಟ್ಟ ಕಾಗದದ ಮೇಲೆ ಬೆರಳಿಟ್ಟು, ಅಕ್ಷರ ಕೂಡಿಸಿ ಕೂಡಿಸಿ ಕೊನೆಯ ಸಾಲಿಗೆ ಬಂದಳು. ಮುಖ ಅರಳಿತು.

“ಸರ, ಇದು ಕ್ಯಾನ್ಸರ್ ಅಲ್ರಿ! ಏನೂ ಆಗಂಗಿಲ್ಲ ನಿಮಗ.”

“ಖರೆ? ನಿನಗ ಹೆಂಗ ಗೊತ್ತು?”

“ನಮ್ಮವ್ವನ ರಿಪೋರ್ಟ್ ಬರೂ ದಿನ ನರ್ಸಬಾಯಿ ಎರಡು ಶಬ್ದ ಹೇಳಿಕೊಟ್ಟಿದ್ರು. ಇದು ಇದ್ರ ಅವ್ವನ್ನ ಮನಿಗಿ ಕರಕೊಂಡು ಹೋಗ್ರಿ, ಇನ್ನೊಂದು ಇದ್ರ ಇಲ್ಲೇ ಕುಂಡ್ರಿ ಅಂದಿದ್ರು.” ಕಾಗದವನ್ನು ನೀಟಾಗಿ ಮಡಚಿ ನನ್ನ ಕೈಗಿಟ್ಟಳು. “ನಾವು ಕುಂತ್ವಿರಿ.”

ಎರಡು ದಿನದ ಮೇಲೆ ಡಾಕ್ಟರೂ ಅವಳು ಹೇಳಿದ್ದನ್ನೇ ಹೇಳಿದರು. ಆದರೆ ಅದಕ್ಕೆ ಕಾಯದೆ, ಆ ಗಳಿಗೆಯೇ ಕನ್ನಡ ಪಂಡಿತನಾದ ನಾನು ಅವಳಿಗೆ ಕೈ ಮುಗಿದೆ. ಅವಳು ಗಾಬರಿಯಾಗಿ ನನ್ನನ್ನು ಮನೆಯ ಕಡೆ ತಿರುಗಿಸಿದಳು.

“ಮೊದಲ ಮನ್ಯಾಗಿನ ಅಕ್ಕಾರಿಗೆ ಹೇಳ ಹೋಗ್ರಿ ಸರ. ಕನ್ನಡದಾಗ ಹೇಳ್ರಿ ಮತ್ತ!”