ಬೋಲ್ಟು ಇಲ್ಲದ ಕೋವಿ

ಪಕ್ಕದ ಮನೆಯ ಟೀಚರ್ ಒಂದು ಶನಿವಾರ ಬೆಳಿಗ್ಗೆ ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿದ ಉದ್ದನೆಯದೇನನ್ನೋ ಎರಡೂ ಕೈಯಲ್ಲಿ ಹಿಡಿದುಕೊಂಡು ನಮ್ಮ ಹಿತ್ತಲ ಗೇಟಿಗೆ ಬಂದರು. ಪರದೆಯ ಸರಳಿರಬೇಕು, ಗೋಡೆಗೆ ಹಾಕಿಕೊಡಲು ಇವರನ್ನು, ಎಂದರೆ ನನ್ನ ಗಂಡನನ್ನು, ಕರೆಯಲು ಬಂದಿದ್ದಾರೆ ಎಂದುಕೊಂಡೆ. ಹೇವರ್ಡ್‌ನ ಆ ಬೀದಿಗೆ ನಾವು ಬಂದಾಗಿನಿಂದ ಅವರು ನಮ್ಮ ನೆರೆಯವರು. ಎಪ್ಪತ್ತು ದಾಟಿದ ಬಿಳಿಯ ಹೆಂಗಸು, ಶಾಲೆಯಲ್ಲಿ ಸಂಗೀತ ಕಲಿಸಿ ನಿವೃತ್ತರಾದವರು. ನಾನೂ ನನ್ನ ಗಂಡನೂ ನಮ್ಮೊಳಗೆ ಅವರನ್ನು ಟೀಚರ್ ಎಂದೇ ಕರೆಯುತ್ತಿದ್ದೆವು.

ಹಿತ್ತಲ ಮೇಜಿನ ಮೇಲೆ ಬೆಡ್‌ಶೀಟು ಬಿಚ್ಚಿದರೆ ಒಳಗಿದ್ದದ್ದು ಕೋವಿ. ಅವರ ತಂದೆಯದಂತೆ. ಮೊಲ, ಲಾವಕ್ಕಿ ಹೊಡೆಯುತ್ತಿದ್ದ ತಂದೆ. ಗ್ಯಾರೇಜು ಖಾಲಿ ಮಾಡುವಾಗ ಸಿಕ್ಕಿತು, ಬೋಲ್ಟು ಕಚ್ಚಿಕೊಂಡುಬಿಟ್ಟಿದೆ, ನನ್ನ ಗಂಟು ಹಿಡಿದ ಬೆರಳುಗಳಿಗೆ ಬಗ್ಗುತ್ತಿಲ್ಲ ಎಂದರು. ಬೋಲ್ಟು ಎಂದರೆ ಹಿಂದುಗಡೆಯ ಉಕ್ಕಿನ ಗುಂಡುಕಡ್ಡಿ. ಬಾಗಿಲಿನ ಅಗುಳಿಯ ಹಾಗೆ ಹಿಡಿಯನ್ನು ಮೇಲಕ್ಕೆತ್ತಿ ಹಿಂದಕ್ಕೆ ಎಳೆದರೆ ಕೋವಿ ಬಾಯಿ ತೆರೆಯುತ್ತದೆ. ತೆರೆಯದಿದ್ದರೆ ಒಳಗೆ ತೋಟೆ ಇದೆಯೋ ಇಲ್ಲವೋ ತಿಳಿಯುವುದಿಲ್ಲ. ಇವರು ಕೈ ಹಾಕಲು ಹೋದಾಗ ಟೀಚರ್ ತಡೆದರು. "ತುಂಬಿದೆ ಅಂತಲೇ ತಿಳಿದುಕೊಂಡು ಮುಟ್ಟು," ಎಂದು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಹೇಳಿದರು. ಶಾಲೆಯ ಮಕ್ಕಳಿಗೆ ಹೇಳುತ್ತಿದ್ದ ದನಿ ಅದೇ ಇರಬೇಕು. ನಳಿಗೆಯನ್ನು ಮಣ್ಣಿನ ಕಡೆಗೆ ತಿರುಗಿಸಿ, ಎಣ್ಣೆ ಬಿಟ್ಟು, ಇಬ್ಬರೂ ಮೆಲ್ಲಗೆ ಎಳೆದರು. ನಾನು ಅಡುಗೆಮನೆಯ ಬಾಗಿಲ ಹಿಂದೆ ನಿಂತು ಕಿವಿ ಮುಚ್ಚಿಕೊಂಡಿದ್ದೆ. ಬೋಲ್ಟು ಕೊನೆಗೆ ಕಿರ್ರೆಂದು ಹಿಂದಕ್ಕೆ ಬಂತು. ಟೀಚರ್ ಕಿರುಬೆರಳು ತೂರಿಸಿ ನೋಡಿ, ಖಾಲಿ ಎಂದರು.

ಮಂಡ್ಯದಲ್ಲಿ ಬೆಳೆದ ನಾನು ಅಲ್ಲಿಯವರೆಗೆ ಹತ್ತಿರದಿಂದ ನೋಡಿದ್ದ ಕೋವಿ ಒಂದೇ, ಬ್ಯಾಂಕಿನ ಬಾಗಿಲಲ್ಲಿ ತೂಕಡಿಸುತ್ತಿದ್ದ ಕಾವಲುಗಾರನ ತೊಡೆಯ ಮೇಲಿನದು.

ಟೀಚರಿಗೆ ಬೇಕಿದ್ದದ್ದು ಇಷ್ಟೇ, ಅದು ಯಾರು ಮಾಡಿದ ಕೋವಿ ಎಂದು ಯಾರಾದರೂ ಹುಡುಕಿ ಹೇಳಬೇಕು. ನಳಿಗೆಯ ಮೇಲೆ ಎಂದೋ ಮುಚ್ಚಿಹೋದ ಒಂದು ದೊಡ್ಡ ಅಂಗಡಿಯ ಹೆಸರಿತ್ತು, ಪಕ್ಕದಲ್ಲಿ ಸವೆದ ಮಾಡೆಲ್ ಅಂಕಿಗಳು. ಅಂಗಡಿಯವರು ಕೋವಿ ಮಾಡುತ್ತಿರಲಿಲ್ಲ, ಯಾವುದೋ ಕಾರ್ಖಾನೆಯಿಂದ ತರಿಸಿ ತಮ್ಮ ಹೆಸರು ಒತ್ತಿಸುತ್ತಿದ್ದರು. "ನಿನಗೀಗ ಪುರುಸೊತ್ತಿದೆಯಲ್ಲ," ಎಂದು ಟೀಚರ್ ಇವರ ಮುಖ ನೋಡಿದರು. ಇವರ ಕೆಲಸ ಹೋಗಿ ಆಗ ಕೆಲವೇ ವಾರಗಳಾಗಿದ್ದವು. ರೆಡ್‌ವುಡ್ ಸಿಟಿಯ ಆಫೀಸಿಗೆ ವರ್ಷಗಟ್ಟಲೆ ಕೊಲ್ಲಿಯ ಸೇತುವೆ ದಾಟಿ ಹೋಗಿಬಂದ ಮನುಷ್ಯನಿಗೆ ಒಂದು ಬೆಳಿಗ್ಗೆ ಲಾಗಿನ್ ಆಗಲಿಲ್ಲ, ಅಷ್ಟೇ. ಆ ಮಾತು ಚುಚ್ಚೀತೆಂದು ನಾನು ಹೆದರಿದೆ. ಇವರು ನಕ್ಕು, ಫೋಟೊ ತೆಗೆದುಕೊಳ್ಳುತ್ತೇನೆ ಎಂದರು.

ಆಮೇಲೆ ನಮ್ಮ ಊಟದ ಮೇಜು ಫೋಟೊಗಳದ್ದಾಯಿತು. ಹಳೆಯ ಕಾಲದ ಅಗ್ಗದ ಕೋವಿಗಳಿಗೆ ಸೀರಿಯಲ್ ನಂಬರೇ ಇರುತ್ತಿರಲಿಲ್ಲವಂತೆ. ಹಾಗಾಗಿ ಬೋಲ್ಟಿನ ಹಿಡಿ ಯಾವ ಕಡೆ ಬಾಗಿದೆ, ಗುಂಡು ಹಾರದಂತೆ ತಡೆಯುವ ಸೇಫ್ಟಿ ಎಲ್ಲಿದೆ, ತೋಟೆ ತುಂಬುವ ಡಬ್ಬಿ ಕಳಚಿ ಬರುತ್ತದೋ ಇಲ್ಲವೋ ಎಂಬುದನ್ನೆಲ್ಲ ನೋಡಿ ಜಾತಿ ಹೇಳಬೇಕು. ಇವರು ದೇಶದ ಮೂಲೆಮೂಲೆಯ ಸಂಗ್ರಾಹಕರಿಗೆ ಫೋಟೊ ಕಳಿಸಿ ಕೇಳುತ್ತಿದ್ದರು. ಊಟಕ್ಕೆ ಕೂತರೂ ಅದೇ ಮಾತು. "ಮೊಲ ಹೊಡೆಯೋ ರೈತರ ಮಕ್ಕಳಿಗೆ ಅಂತಲೇ ಮಾಡಿದ್ದು ಕಣೇ ಇವು. ಬಿಚ್ಚೋದು ಸುಲಭ, ಕೆಡೋದು ಕಡಿಮೆ." ನನಗೆ ಮೊದಮೊದಲು ಸಮಾಧಾನವೇ ಆಯಿತು. ಗೋಡೆ ನೋಡುತ್ತಾ ಕೂರುವುದಕ್ಕಿಂತ ಇದು ವಾಸಿ.

ಕೆಲವು ವಾರ ಕಳೆದ ಮೇಲೆ ಟೀಚರ್ ಕೋವಿಯನ್ನು ಇವರಿಗೇ ಕೊಡುತ್ತೇನೆ ಎಂದರು. ಇಲ್ಲಿ ಹಾಗೆಲ್ಲ ಕೈಯಿಂದ ಕೈಗೆ ಕೊಡುವಂತಿಲ್ಲ. ಕೋವಿ ಅಂಗಡಿಗೆ ಹೋಗಿ, ಪರೀಕ್ಷೆ ಬರೆದು, ಸರ್ಕಾರದವರು ಹಿನ್ನೆಲೆ ನೋಡುವವರೆಗೆ ಕಾದು, ಆಮೇಲೆ ತರಬೇಕು. ಇವರು ಅದೆಲ್ಲವನ್ನೂ ಮಾಡಿದರು. ಬೇಟೆಯ ತರಗತಿಗೂ ಸೇರಿದರು, ಲೈಸೆನ್ಸು ಬಂತು. ಮಲಗುವ ಕೋಣೆಯ ಕ್ಲಾಸೆಟ್ಟಿನಲ್ಲಿ ನನ್ನ ರೇಷ್ಮೆ ಸೀರೆಗಳ ಪಕ್ಕ ಕೋವಿಗೆಂದು ಒಂದು ಉಕ್ಕಿನ ಕಪಾಟು ನಿಂತಿತು. ಸೀರೆ ತೆಗೆಯಲು ಹೋದಾಗಲೆಲ್ಲ ಅದಕ್ಕೆ ಮೊಣಕೈ ತಾಗುತ್ತಿತ್ತು.

ಓದಲು ಸ್ಯಾನ್ ಡಿಯಾಗೋಗೆ ಹೋಗಿದ್ದ ಮಗಳು ಫೋನಿನಲ್ಲಿ, "ಅಮ್ಮಾ, ಆರ್ ಯೂ ಓಕೆ ವಿತ್ ದಿಸ್?" ಎಂದಳು.

"ಅಪ್ಪಂಗೆ ಒಂದು ಹಾಬಿ ಆಯ್ತು ಬಿಡು," ಎಂದೆ. ಫೋನಿಟ್ಟ ಮೇಲೆ ಹೋಗಿ ಕಪಾಟಿನ ಬಾಗಿಲು ಎಳೆದು ನೋಡಿದೆ, ಬೀಗ ಹಾಕಿತ್ತು.

ಬೇಸಿಗೆ ಮುಗಿಯುವ ಹೊತ್ತಿಗೆ ಇಂಟರ್‌ವ್ಯೂಗಳು ಬರುವುದು ನಿಂತುಹೋಯಿತು. ಮೇಜಿನ ಮೇಲೆ ಫೋಟೊಗಳು ಹಾಗೇ ಬಿದ್ದಿದ್ದವು, ಇವರು ಮುಟ್ಟುತ್ತಿರಲಿಲ್ಲ. ಜೀವದಂತೆ ನೋಡಿಕೊಂಡಿದ್ದ ಕ್ರಿಕೆಟ್ ಬ್ಯಾಟು, ಪ್ಯಾಡುಗಳನ್ನು ಕನ್ನಡ ಕೂಟದ ಯಾರಿಗೋ ಕೊಟ್ಟುಬಿಟ್ಟರು. ಒಂದು ಸಂಜೆ ನನ್ನನ್ನು ಕೂರಿಸಿಕೊಂಡು ಬ್ಯಾಂಕಿನ ಪಾಸ್‌ವರ್ಡ್ ಎಲ್ಲಿದೆ, ಇನ್ಶೂರೆನ್ಸಿಗೆ ಯಾರಿಗೆ ಫೋನ್ ಮಾಡಬೇಕು ಎಂದು ಬಿಡಿಸಿ ಹೇಳಿದರು. "ಈಗ್ಯಾಕ್ರೀ ಇದೆಲ್ಲ?" ಎಂದೆ. "ಗೊತ್ತಿರ್ಲಿ ಅಂತ," ಎಂದರು.

ನನ್ನ ಕೆಲಸ ಓಕ್ಲ್ಯಾಂಡಿನ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ. ಫ್ರೀವೇಯಲ್ಲಿ ಟ್ರಾಫಿಕ್ಕು ನಿಂತಾಗಲೆಲ್ಲ ಕಪಾಟು ಕಣ್ಣ ಮುಂದೆ ಬರುತ್ತಿತ್ತು. ಮಧ್ಯಾಹ್ನ ಏನಾದರೊಂದು ನೆಪ ಹುಡುಕಿ ಮನೆಗೆ ಫೋನ್ ಮಾಡುವುದು ಅಭ್ಯಾಸವಾಯಿತು. ಹಾಲು ಇದೆಯಾ ನೋಡಿ, ಪ್ಯಾಕೇಜು ಬಂತಾ ನೋಡಿ. ಫೋನು ಎತ್ತದಿದ್ದರೆ ಮತ್ತೆ ಮಾಡುವುದು, ಮತ್ತೆ ಮಾಡುವುದು. ಎತ್ತಿ 'ಹಲೋ' ಎಂದ ಕೂಡಲೇ ಸ್ಟೂಲಿನ ಮೇಲೆ ಕೂತುಬಿಡುತ್ತಿದ್ದೆ. ಜೊತೆಯಲ್ಲಿ ಕೆಲಸ ಮಾಡುವ ಫಿಲಿಪಿನೋ ಹೆಂಗಸೊಬ್ಬಳು ಇದನ್ನು ನೋಡಿ ಏನೆಂದು ಕೇಳಿದಳು. ಅವಳಿಗೆ ಹೇಳಿದೆ, ಅಳುತ್ತಲೇ ಹೇಳಿದೆ.

"ನೇರವಾಗಿ ಕೇಳು," ಎಂದಳು. "ಕೇಳಿದರೆ ಇಲ್ಲದ ಯೋಚನೆ ಹುಟ್ಟುವುದಿಲ್ಲ. ಇರುವ ಯೋಚನೆ ಹೊರಗೆ ಬರುತ್ತದೆ. ಮತ್ತೆ ಆ ಕೋವಿಯನ್ನು ಮನೆಯಲ್ಲಿ ಇಟ್ಟುಕೊಳ್ಳಬೇಡ."

ಅವಳು ಹೇಳಿದಷ್ಟು ಸುಲಭವಿರಲಿಲ್ಲ. ನಮ್ಮ ಮನೆಗಳಲ್ಲಿ ಸಾವಿನ ಮಾತು ಬಾಯ್ತಪ್ಪಿ ಬಂದರೂ 'ಬಿಡ್ತು ಅನ್ನು' ಎನ್ನುತ್ತಾರೆ. ಆ ಪ್ರಶ್ನೆಯನ್ನು ಕನ್ನಡದಲ್ಲಿ ಹೇಗೆ ಕೇಳುವುದೆಂದು ಕಾರಿನಲ್ಲಿ ಒಬ್ಬಳೇ ಬಾಯಿ ಬಿಟ್ಟು ಅಭ್ಯಾಸ ಮಾಡಿದೆ. ಮನೆಗೆ ಬಂದು "ಕಾಫಿ ಮಾಡ್ಲಾ?" ಎಂದು ಕೇಳಿದೆ.

ಒಂದು ಭಾನುವಾರ ಇವರು ಗ್ರೋಸರಿಗೆ ಹೋದರು. ಸದಾ ಇವರ ಜೇಬಿನಲ್ಲಿರುವ ಕಪಾಟಿನ ಕೀಲಿ ಅಂದು ಡ್ರಾಯರಿನಲ್ಲೇ ಉಳಿದಿತ್ತು. ತೋಟೆಗಳನ್ನಾದರೂ ಎತ್ತಿ ಬಚ್ಚಿಡೋಣವೆಂದು ಬಾಗಿಲು ತೆರೆದೆ. ತೋಟೆಯ ಡಬ್ಬಿ ಇರಲಿಲ್ಲ. ಕೋವಿ ಇತ್ತು, ಆದರೆ ಬೋಲ್ಟು ಇರಲಿಲ್ಲ. ಅದಿರಬೇಕಾದ ಜಾಗದಲ್ಲಿ ಬರಿಯ ಪೊಳ್ಳು. ಅದು ಇಲ್ಲದೆ ಗುಂಡು ಹಾರುವುದಿಲ್ಲ ಎಂದು ಗೊತ್ತಿದ್ದರೂ ತಲೆ ಕೆಲಸ ಮಾಡಲಿಲ್ಲ. ತೋಟೆ ಎಲ್ಲಿ ಹೋಯಿತು? ಬೋಲ್ಟನ್ನು ಯಾಕೆ ತೆಗೆದರು? ಬೇರೊಂದು ಕೋವಿ ತಂದಿದ್ದಾರೆಯೇ? ಮಂಚದ ಕೆಳಗೆ, ಗ್ಯಾರೇಜಿನ ಡಬ್ಬಗಳಲ್ಲಿ, ವಾಷಿಂಗ್ ಮೆಷೀನಿನ ಹಿಂದೆ ಹುಡುಕಿದೆ. ಇವರು ಫೋನು ಎತ್ತಲಿಲ್ಲ. ಬರಿಗಾಲಲ್ಲೇ ಟೀಚರ್ ಮನೆಗೆ ಓಡಿದೆ.

ನನ್ನ ಮುಖ ನೋಡಿದ್ದೇ ಅವರು ಕೈ ಹಿಡಿದು ಒಳಗೆ ಕರೆದುಕೊಂಡರು. ಪಿಯಾನೋ ಮುಂದಿನ ಬೆಂಚಿನ ಮುಚ್ಚಳ ಎತ್ತಿದರು. ಸಂಗೀತದ ಹಾಳೆಗಳ ನಡುವೆ ಉಣ್ಣೆಯ ಕಾಲುಚೀಲವೊಂದು ಭಾರವಾಗಿ ಮಲಗಿತ್ತು.

"ಬೋಲ್ಟು ಇಲ್ಲಿದೆ. ತೋಟೆಗಳೂ ನನ್ನ ಹತ್ತಿರವೇ ಇವೆ. ನಿನ್ನ ಗಂಡನೇ ತಂದುಕೊಟ್ಟ," ಎಂದರು. "ನನ್ನ ಮನೆಯಲ್ಲಿ ಇದು ಇರಬಾರದು, ನಾನೇ ಕೇಳಿದರೂ ಕೊಡಬೇಡಿ ಎಂದ. ಹೆಂಡತಿಗೆ ಹೇಳಿದೆಯಾ ಎಂದು ಪ್ರತಿ ಸಲ ಕೇಳಿದೆ. ಹೇಳುತ್ತೇನೆ ಎನ್ನುತ್ತಿದ್ದ. ಹೇಳಿಲ್ಲ, ಅಲ್ಲವೇ? ಈ ವಾರ ನಾನೇ ಬಂದು ಹೇಳಬೇಕೆಂದಿದ್ದೆ."

ನಾನು ವಾಪಸು ಬರುವ ಹೊತ್ತಿಗೆ ಕಾರು ಡ್ರೈವ್‌ವೇಯಲ್ಲಿತ್ತು. ಇವರು ಡಿಕ್ಕಿಯಿಂದ ಅಕ್ಕಿ ಚೀಲ ಇಳಿಸುತ್ತಿದ್ದರು.

"ರೀ, ಬೋಲ್ಟು ಟೀಚರ್ ಹತ್ರ ಯಾಕಿದೆ?"

"ಎಣ್ಣೆ ಹಾಕೋಕೆ..." ಎಂದವರು ಅಲ್ಲಿಗೇ ನಿಲ್ಲಿಸಿದರು. ಅಕ್ಕಿ ಚೀಲವನ್ನು ನೆಲಕ್ಕಿಟ್ಟರು.

"ಸತ್ತೋಗ್ಬೇಕು ಅನ್ಸಿತ್ತಾ ನಿಮ್ಗೆ?"

ಕಾರಿನಲ್ಲಿ ಅಭ್ಯಾಸ ಮಾಡಿದ ವಾಕ್ಯ ಅದಾಗಿರಲಿಲ್ಲ. ಬಾಯಿಗೆ ಬಂದದ್ದು ಅದು. ಇವರು ಡಿಕ್ಕಿ ಮುಚ್ಚಿದರು.

"ಅನ್ಸಿತ್ತು," ಎಂದರು. "ಒಂದಿನ ಅಲ್ಲ. ದಿನಾ ಬೆಳಿಗ್ಗೆ ನೀನು ಕಾರು ತೆಗೀತಿದ್ದ ಹಾಗೇ ಶುರುವಾಗೋದು. ನನ್ ಮೇಲೆ ನಂಗೇ ನಂಬಿಕೆ ಇರ್ಲಿಲ್ಲ ಕಣೇ. ಅದಕ್ಕೇ ತಗೊಂಡು ಹೋಗಿ ಕೊಟ್ಬಿಟ್ಟೆ."

"ನಂಗ್ಯಾಕೆ ಹೇಳ್ಲಿಲ್ಲ?"

"ನೀನು ಆಗ್ಲೇ ಅಷ್ಟು ಹೆದರಿದ್ದೆ. ದಿನಾ ಮಧ್ಯಾಹ್ನ ಹಾಲು ಇದೆಯಾ ಅಂತ ಫೋನ್ ಮಾಡ್ತಿದ್ದೆ. ಫ್ರಿಜ್ ತುಂಬ ಹಾಲೇ ಇತ್ತಲ್ಲೇ."

ಅಷ್ಟು ಹೇಳಿ ನಗಲು ಹೋಗಿ ಅತ್ತರು. ಮದುವೆಯಾದ ಮೇಲೆ ಇವರು ಅತ್ತದ್ದನ್ನು ನಾನು ನೋಡಿದ್ದು ಇವರ ತಾಯಿ ಹೋದಾಗ ಮಾತ್ರ. ಇಬ್ಬರೂ ಗ್ಯಾರೇಜಿನ ಮೆಟ್ಟಿಲ ಮೇಲೆ ಕೂತೆವು. "ಈಗ್ಲೂ ಅನ್ಸತ್ತಾ?" ಎಂದು ಕೇಳಿದೆ. "ಕಡಿಮೆ. ಆದ್ರೆ ಅನ್ಸತ್ತೆ," ಎಂದರು. ಅಲ್ಲಿಂದಲೇ ಸಹಾಯವಾಣಿಗೆ ಫೋನ್ ಮಾಡಿದೆವು. ಆ ಕಡೆಯ ಹೆಣ್ಣುದನಿಗೆ ಅವಸರವಿರಲಿಲ್ಲ. ಇವರು ಮಾತಾಡುವಷ್ಟು ಹೊತ್ತೂ ನಾನು ಇವರ ಅಂಗಿಯ ತುದಿ ಹಿಡಿದುಕೊಂಡೇ ಇದ್ದೆ.

ಮರುದಿನ ಡಾಕ್ಟರ ಬಳಿ ಹೋದೆವು. ಕೋವಿ ಅಂಗಡಿಯವರು ಬಾಡಿಗೆ ಪಡೆದು ಕೋವಿಯನ್ನು ತಮ್ಮಲ್ಲಿ ಇಟ್ಟುಕೊಳ್ಳುತ್ತಾರೆಂದು ತಿಳಿದು ಅಲ್ಲಿಗೆ ಸಾಗಿಸಿದೆವು. ಮಾತ್ರೆಗಳು, ವಾರಕ್ಕೊಮ್ಮೆ ಮಾತಾಡಲು ಒಬ್ಬ ಕೌನ್ಸಿಲರ್. ಮೊದಲ ಮಾತ್ರೆ ಹಿಡಿಸದೆ ಬದಲಾಯಿಸಿದರು. ವಾಸಿಯಾಯಿತು ಎಂದುಕೊಂಡ ವಾರವೇ ಮತ್ತೆ ಹಾಸಿಗೆ ಹಿಡಿಯುತ್ತಿದ್ದರು. ಮಗಳಿಗೂ ಹೇಳಿದೆವು. ಅವಳು ರಜೆ ಹಾಕಿ ಬಂದು, ಎರಡು ದಿನ ಅಪ್ಪನ ಪಕ್ಕದಲ್ಲಿ ಸುಮ್ಮನೆ ಕೂತು ಕ್ರಿಕೆಟ್ಟು ನೋಡಿದಳು. ಅವಳಿಗೆ ಕ್ರಿಕೆಟ್ಟು ಅರ್ಥವಾಗುವುದಿಲ್ಲ.

ಚಳಿಗಾಲ ಕಳೆದು ಇವರಿಗೆ ಹೇವರ್ಡ್‌ನಲ್ಲೇ ಯೂನಿವರ್ಸಿಟಿಯ ಕಂಪ್ಯೂಟರ್ ವಿಭಾಗದಲ್ಲಿ ಒಂದು ಕೆಲಸ ಸಿಕ್ಕಿತು, ಮೊದಲಿನದಕ್ಕಿಂತ ಸಣ್ಣದು. ಫೋಟೊಗಳು ಮತ್ತೆ ಮೇಜಿಗೆ ಬಂದವು. ಕೊನೆಗೆ ಒಬ್ಬ ಸಂಗ್ರಾಹಕ, ಮರದ ಹಿಡಿಯ ಕೆಳಗಿನ ಸ್ಕ್ರೂ ಬಿಚ್ಚಿ ನಳಿಗೆಯ ಅಡಿ ನೋಡಿ ಎಂದು ಬರೆದ. ಅಂಗಡಿಗೆ ಹೋಗಿ ಬಿಚ್ಚಿಸಿದರೆ ಒಂದು ಪುಟ್ಟ ಗುರುತು ಕಂಡಿತು. ಪೂರ್ವ ಕರಾವಳಿಯ, ಈಗ ಇಲ್ಲದ ಒಂದು ಕಾರ್ಖಾನೆಯದು. ಟೀಚರ್ ಕೇಳಿ ಜೋರಾಗಿ ನಕ್ಕರು. ಅವರ ತಂದೆ ಅದು ಬೇರೆ ಯಾವುದೋ ಹೆಸರಾಂತ ಕಂಪನಿಯದು ಎಂದು ಸಾಯುವವರೆಗೂ ಊರೆಲ್ಲ ಹೇಳಿಕೊಂಡು ಬಂದಿದ್ದರಂತೆ.

ಮೊಲದ ಬೇಟೆಗೆ ಹೋಗಬಹುದೇ ಎಂದು ಇವರು ಡಾಕ್ಟರನ್ನೂ ಕೌನ್ಸಿಲರನ್ನೂ ನನ್ನನ್ನೂ ಕೇಳಿದರು. ನಾನು ಬಹಳ ದಿನ ಹ್ಞೂಂ ಅನ್ನಲಿಲ್ಲ. ಕೊನೆಗೆ, ನಾನೂ ಟೀಚರೂ ಜೊತೆಗಿರಬೇಕು, ಬೇಟೆ ಮುಗಿದದ್ದೇ ಕೋವಿ ಅಂಗಡಿಗೆ ವಾಪಸು ಹೋಗಬೇಕು ಎಂದೆ. ಆ ಕರಾರಿಗೆ ಡಾಕ್ಟರೂ ಕೌನ್ಸಿಲರೂ ಇವರೂ ಒಪ್ಪಿದರು. ಸೀಸದ ಚರೆಯನ್ನು, ಎಂದರೆ ತೋಟೆಯೊಳಗಿನ ಕಾಳುಗಳನ್ನು, ಇಲ್ಲಿ ಬೇಟೆಗೆ ಬಳಸುವಂತಿಲ್ಲ, ಉಕ್ಕಿನ ಚರೆಯನ್ನು ಆ ಹಳೆಯ ನಳಿಗೆ ತಡೆಯುವುದಿಲ್ಲ. ಅದಕ್ಕೆ ಹೊಂದುವ, ಸೀಸವಲ್ಲದ ಮೆತ್ತನೆಯ ಚರೆಯ ತೋಟೆ ಹುಡುಕಿ ತರಿಸಿದರು. ಒಂದು ಬೆಳಿಗ್ಗೆ ಪೂರ್ವದ ಗುಡ್ಡಗಳ ಆಚೆಗೆ ಹೋದೆವು. ಟೀಚರ್ ತಂದುಕೊಟ್ಟ ಬೋಲ್ಟು ನನ್ನ ಕೈಚೀಲದಲ್ಲಿತ್ತು. ಅದನ್ನು ಇವರ ಅಂಗೈಗೆ ಇಡುವಾಗ ನನ್ನ ಬೆರಳು ಬಿಡಲಿಲ್ಲ. ಇವರು ಎಳೆಯದೆ ಕಾದರು.

ಒಣಹುಲ್ಲಿನಿಂದ ಮೊಲವೊಂದು ಚಿಮ್ಮಿತು. ಇವರು ಹೊಡೆದರು, ತಪ್ಪಿತು. ಬೋಲ್ಟು ಎಳೆದು ಎರಡನೆಯ ತೋಟೆ ತಳ್ಳುವಷ್ಟರಲ್ಲಿ ಮೊಲ ಗುಡ್ಡದ ಆಚೆ. ಟೀಚರ್ ಏನೋ ತಮಾಷೆ ಮಾಡಿದರು. ನನಗೆ ಕೇಳಿಸಲಿಲ್ಲ. ಆ ಸದ್ದಿಗೆ ಹುಲ್ಲಿನ ಮೇಲೆ ಕುಸಿದು ಕೂತಿದ್ದೆ. ಇವರು ಕೋವಿಯನ್ನು ಖಾಲಿ ಮಾಡಿ ಟೀಚರ್ ಕೈಗೆ ಕೊಟ್ಟು, ನನ್ನ ಪಕ್ಕ ಬಂದು ಕೂತು ನೀರು ಕುಡಿಸಿದರು. ಆಮೇಲೆಯೂ ಒಂದೆರಡು ಸಲ ಹೋಗಿದ್ದೇವೆ. ಒಮ್ಮೆ ಒಂದು ಮೊಲ ಸಿಕ್ಕಿತು. ಮುದ್ದೆಗೆ ಸಾರು ಮಾಡಿದೆ, ಖಾರ ಜಾಸ್ತಿಯಾಯಿತು.

ಹೆದರಿಕೆ ಹೋಗಿದೆ ಎಂದು ಹೇಳಲಾರೆ. ಆದರೆ ನೆಪ ಹುಡುಕುವುದು ಬಿಟ್ಟಿದ್ದೇನೆ. ಇವತ್ತು ಹೇಗಿದೆ ಎಂದು ನೇರವಾಗಿ ಕೇಳುತ್ತೇನೆ, ಇವರೂ ನೇರವಾಗಿ ಹೇಳುತ್ತಾರೆ. ಕಳೆದ ವಾರ ಒಂದು ಸಂಜೆ, "ಇವತ್ತು ಅಷ್ಟು ಸರಿ ಇಲ್ಲ ಕಣೇ," ಎಂದರು. "ಜಾಕೆಟ್ ಹಾಕ್ಕೊಳ್ಳಿ," ಎಂದೆ. ಕೊಲ್ಲಿಯ ದಂಡೆಯ ಮೇಲೆ, ಗಾಳಿಗೆ ಎದುರಾಗಿ, ಕತ್ತಲಾಗುವವರೆಗೆ ನಡೆದೆವು.