ತುಂಡು ಕಟ್ಟಿಗೆಗೊಂದು ಗಾಡಿ

ಶಹಾಪುರದ ನಮ್ಮ ಬಡಗಿ ಅಂಗಡಿಯಲ್ಲಿ ಬಾಗಿಲು, ಕಿಟಕಿ, ಮಂಚ ಎಲ್ಲ ನನ್ನ ಗಂಡನ ಕೆಲಸ. ಉಜ್ಜುಕಾಗದದಿಂದ ತಿಕ್ಕಿ ಪಾಲಿಶ್ ಹಚ್ಚುವುದು ನನ್ನದು. ಮದುವೆಯಾದಾಗಿನಿಂದ ಹಾಗೇ ನಡೆದಿತ್ತು. ನಮ್ಮಿಬ್ಬರಿಗೆ ಜಗಳವೆಂದರೆ ಒಂದೇ, ಕೊಯ್ದು ಉಳಿದ ತುಂಡುಗಳದ್ದು. ಅವರಿಗೆ ಅವು ಬಚ್ಚಲ ಒಲೆಯ ಪಾಲು. ನನಗೋ ಸಾಗವಾನಿಯ ಗೇಣುದ್ದದ ತುಂಡನ್ನೂ ಸುಡಲು ಮನಸ್ಸು ಬಾರದು. ಮೂಲೆಯ ರಾಶಿ ಬೆಳೆಯುತ್ತಲೇ ಹೋಯಿತು. ಕಡೆಗೊಂದು ದಿನ ಅವರು ಹೊಸ ಹಲಗೆ ಒರಗಿಸಲು ಹೋಗಿ, ಎಡವಿ, ಅದರ ಮೇಲೇ ಕೂತುಬಿಟ್ಟರು.

"ಇವತ್ತ ಎಲ್ಲಾ ಒಲಿಗಿ ಹಾಕ್ತೀನಿ ನೋಡು."

"ಒಂದಿನ ತಡೀರಿ. ಇವಕ್ಕೊಂದು ಗಾಡಿ ಮಾಡ್ತೀನಿ," ಅಂದೆ.

"ಯಾರು, ನೀನಾ?"

"ಹೌದ್ರಿ, ನಾನಽ."

ಗರಗಸ ಹಿಡಿದು ಒಂದು ಮಣೆಯನ್ನೂ ಮಾಡಿದವಳಲ್ಲ ನಾನು. ಆದರೆ ಮಾತು ಬಾಯಿಂದ ಬಿದ್ದಾಗಿತ್ತು. ಅವರು ನಕ್ಕು, ಸ್ಟೂಲು ಎಳೆದುಕೊಂಡು ಕೂತರು. "ನಾ ನಡುವ ಬಾಯಿ ಹಾಕಂಗಿಲ್ಲ," ಎಂದರು.

ಗಾಡಿಯನ್ನೂ ಆ ರಾಶಿಯಿಂದಲೇ ಎಬ್ಬಿಸಿದೆ. ತಳಕ್ಕೆ ಬೇವಿನ ಹಲಗೆ, ಕಾಲಿಗೆ ಜಾಲಿ, ಸುತ್ತ ಕಟ್ಟಲು ಸಾಗವಾನಿ ಪಟ್ಟಿ. ಹಿಂದೆ ಉದ್ದನೆಯವು ನಿಲ್ಲಲು ಎತ್ತರದ ಗೂಡು, ಮುಂದೆ ಸಣ್ಣವಕ್ಕೆ ಗಿಡ್ಡನೆಯ ಪೆಟ್ಟಿಗೆ. ಗಾಲಿಗಳು ಗುಜರಿಯಿಂದ ತಂದ ಆಫೀಸು ಕುರ್ಚಿಯವು. ಗರಗಸ ಗೆರೆ ಬಿಟ್ಟು ಹೊರಟಾಗ ಅವರು ಕೆಮ್ಮಿದರು.

"ಕೆಮ್ಮಬ್ಯಾಡ್ರಿ," ಅಂದೆ.

ಸಂಜೆ ನಿಲ್ಲಿಸಿ ನೋಡಿದರೆ ಒಂದು ಗಾಲಿ ನೆಲವನ್ನೇ ಮುಟ್ಟಲಿಲ್ಲ. ಅವರು ಎದ್ದರು. ಕೂಡ್ರಿ ಅಂದೆ, ಕೂತರು. ಗಾಡಿ ಬೋರಲು ಹಾಕಿ, ಆ ಗಾಲಿಯ ಬುಡಕ್ಕೆ ತೆಳ್ಳನೆಯ ಚಕ್ಕೆ ಸೇರಿಸಿ ಮತ್ತೆ ಬಿಗಿದೆ. ಈ ಸಲ ನಾಲ್ಕೂ ಊರಿದವು. ಒಂದೇ ಬೆರಳಿನಿಂದ ನೂಕಿದರೆ ಬಾಗಿಲತನಕ ಸುಮ್ಮನೆ ಹರಿದು ಹೋಯಿತು. ತುಂಡುಗಳನ್ನೆಲ್ಲ ತುಂಬಿದ ಮೇಲೆ ಆ ಮೂಲೆಯ ನೆಲದ ಶಹಾಬಾದಿ ಕಲ್ಲು ಕಂಡಿತು. ಅದನ್ನು ನೋಡಿ ವರ್ಷಗಳೇ ಆಗಿದ್ದವು. ಅವರು ಗಾಡಿಯನ್ನು ಎರಡು ಸಲ ಅಲ್ಲಾಡಿಸಿ ನೋಡಿದರು.

ಕೆಲವು ದಿನಗಳ ಮೇಲೆ ಭೀಮಾ ನದಿಯಾಚೆಯ ಬಳಿಚಕ್ರದ ಅಂಗನವಾಡಿ ಟೀಚರ್ ಒಬ್ಬರು, ನಮ್ಮೂರಿನ ತವರಿಗೆ ಬಂದವರು, ಬೆಂಚು ಮಾಡಿಸಲು ಅಂಗಡಿಗೆ ಬಂದರು. ಕಣ್ಣು ಗಾಡಿಯ ಮೇಲೆ ಬಿತ್ತು.

"ನಮ್ಮ ಹುಡುಗರ ಆಟದ ಸಾಮಾನು ಇಡಾಕ ಇಂಥಾದ ಬೇಕಾಗಿತ್ತು ನೋಡ್ರಿ. ಯಾರು ಮಾಡ್ಯಾರಿದನ್ನ?"

"ಮಾಡಿದಾಕಿ ಒಳಗ ಪಾಲಿಶ್ ಹಚ್ಚಾಕತ್ಯಾಳ್ರಿ. ಆಕೀನ ಕೇಳ್ರಿ," ಎಂದರು ನನ್ನ ಗಂಡ. ಒಳಗಿದ್ದ ನನ್ನ ಕಿವಿ ಬಿಸಿಯಾದವು.

ಎರಡನೆಯ ಗಾಡಿಯನ್ನು ಮಕ್ಕಳ ಎತ್ತರಕ್ಕೆ ಗಿಡ್ಡ ಮಾಡಿದೆ. ಕೈಗೆ ತಾಗದಂತೆ ಮೂಲೆಗಳನ್ನು ದುಂಡಗೆ ತಿಕ್ಕಿ, ಹಳದಿ ಬಣ್ಣ ಹೊಡೆದೆ. ನಾನು ಕೊಯ್ಯುವಾಗ ಹಲಗೆಯ ಇನ್ನೊಂದು ತುದಿ ಹಿಡಿದವರು ಅವರು.

ಟೆಂಪೋದಲ್ಲಿ ಹಾಕಿಕೊಂಡು ಇಬ್ಬರೂ ಬಳಿಚಕ್ರಕ್ಕೆ ಹೋದೆವು. ಟೀಚರ್ ಗೊಂಬೆ, ಚೆಂಡುಗಳನ್ನು ಗಾಡಿಯಲ್ಲಿ ಜೋಡಿಸಿ ಮುಗಿಸುವಷ್ಟರಲ್ಲಿ ಮಕ್ಕಳು ಎಲ್ಲವನ್ನೂ ಕೆಳಗೆ ಸುರುವಿದರು. ಹಸಿರು ಫ್ರಾಕಿನ ಹುಡುಗಿ ಏರಿ ಕೂತಳು, ಉಳಿದವರು ನೂಕಿದರು.

"ಇಳೀರಿ, ಮುರೀತೈತಿ," ಎಂದು ಟೀಚರ್ ಹಿಂದೆ ಓಡಿದರು.

"ಮುರಿಯಂಗಿಲ್ರಿ. ಗಟ್ಟಿ ಮಾಡ್ಯಾಳ," ಎಂದರು ನನ್ನ ಗಂಡ.

ಬರುವಾಗ ಟೆಂಪೋ ನಿಲ್ಲಿಸಿ ಮಿರ್ಚಿ ಭಜಿ ತಿಂದೆವು. ಮುಂದಿನ ಗಾಡಿಗೊಂದು ಮುಚ್ಚಳವಿರಲಿ ಅಂತ ನಾನು, ಬೇಡ ಅಂತ ಅವರು. ಭೀಮಾ ನದಿಯ ಸೇತುವೆ ದಾಟಿದರೂ ವಾದ ಮುಗಿದಿರಲಿಲ್ಲ.